ಭಾಗಾಕಾರ ಮತ್ತು ಸೌಜನ್ಯಳ ನೆಟ್‌ವರ್ಕ್

"ಸೌಜನ್ಯಾ, ಮೈಕ್ ಆನ್ ಮಾಡ್ಕೋ. ಎಪ್ಪತ್ತೈದನ್ನ ನಾಲ್ಕರಿಂದ ಭಾಗಿಸಿದ್ರೆ ಎಷ್ಟು ಬರುತ್ತೆ?"

ಸೌಜನ್ಯ ಮೈಕ್ ಆನ್ ಮಾಡಿದಳು. ಆಮೇಲೆ ಕಲ್ಲಾದಳು.

ಬಾಯಿ ಅರ್ಧ ತೆರೆದಿತ್ತು. ಒಂದು ಕಣ್ಣು ಅರ್ಧ ಮುಚ್ಚಿತ್ತು. ಈ ಅರ್ಧ ಮುಚ್ಚಿದ ಕಣ್ಣು ಅವಳದೇ ಉಪಾಯ. ನಿಜವಾಗಿ ನೆಟ್‌ವರ್ಕ್ ಹೋದಾಗ ಯಾರ ಮುಖವೂ ಚೆನ್ನಾಗಿರುವಾಗ ನಿಲ್ಲುವುದಿಲ್ಲ, ಸೊಟ್ಟಗಾದಾಗಲೇ ನಿಲ್ಲುತ್ತದೆ ಎಂದು ಅವಳು ಗಮನಿಸಿದ್ದಳು. ಭಾಗಾಕಾರವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವಳು ಚೆನ್ನಾಗಿಯೇ ಗಮನಿಸುತ್ತಿದ್ದಳು.

"ಸೌಜನ್ಯಾ? ಕೇಳಿಸ್ತಿದೆಯಾ?" ಎಂದರು ಸತ್ಯವತಿ ಮಿಸ್.

ಕೊರೊನಾ ಬಂದು ಸ್ಕೂಲು ಮುಚ್ಚಿ ತಿಂಗಳುಗಳಾಗಿದ್ದವು. ನಾಲ್ಕನೇ ಕ್ಲಾಸು ಈಗ ಅಪ್ಪನ ಫೋನಿನೊಳಗೆ ನಡೆಯುತ್ತಿತ್ತು. ಭಾಗಾಕಾರ ಶುರುವಾದ ವಾರ ಅಪ್ಪ ಆ ಫೋನು ಹಿಡಿದುಕೊಂಡು, ತಣಿಸಂದ್ರದಲ್ಲಿ ಕಟ್ಟಿಸುತ್ತಿದ್ದ ಬಿಲ್ಡಿಂಗ್ ನೋಡಲು ಹೋಗಿಬಿಡುತ್ತಿದ್ದ. ಸೌಜನ್ಯ ಮತ್ತೆ ಕ್ಲಾಸಿಗೆ ಬರುವ ಹೊತ್ತಿಗೆ ಎಲ್ಲರೂ "ಶೇಷ, ಶೇಷ" ಅನ್ನುತ್ತಿದ್ದರು. ಶೇಷ ಅಂದರೇನು ಎಂದು ಕೇಳಲು ಅವಳಿಗೆ ನಾಚಿಕೆಯಾಯಿತು. ಮುಂದಿನ ವಾರ ಇನ್ನೂ ಹೆಚ್ಚು ನಾಚಿಕೆಯಾಯಿತು. ಅದಕ್ಕಿಂತ ನೆಟ್‌ವರ್ಕ್ ಹೋಗುವುದೇ ಸುಲಭ ಅನ್ನಿಸಿತು.

ಆಗ ಅಜ್ಜಿ ಸೊಣ್ಣಮ್ಮ ಅವರೆಕಾಯಿಯ ಮೊರ ಹಿಡಿದುಕೊಂಡು ನಡುಮನೆಗೆ ಬಂದರು. ಮೊಮ್ಮಗಳ ಮುಖ ನೋಡಿ ನಿಂತರು.

"ಯಾಕ್ ಮಗ, ಇಂಗ್ ಕುಂತಿದ್ದೀಯ?"

ಸೌಜನ್ಯ ಅಲುಗಾಡಲಿಲ್ಲ. ಅಜ್ಜಿ ಮೊರ ಕೆಳಗಿಟ್ಟು ಅವಳ ಹಣೆ ಮುಟ್ಟಿ ನೋಡಿದರು. ಮುಖದ ಮುಂದೆ ಕೈ ಆಡಿಸಿದರು. ಆಗಲೂ ಅವಳು ರೆಪ್ಪೆ ಮಿಟುಕಿಸಲಿಲ್ಲ. ಅಷ್ಟರಮಟ್ಟಿಗೆ ಅವಳು ಪಳಗಿದ್ದಳು.

"ಲೋ ಸುಬ್ರಮಣಿ, ಬಾರೋ ಇಲ್ಲಿ. ಮಗೀಗೆ ಬಾಯಿ ಸೊಟ್ಟಗಾಗೈತೆ," ಎಂದು ಅಜ್ಜಿ ಮಗನನ್ನು ಕೂಗಿದರು.

ಫೋನಿನೊಳಗಿಂದ ಮಿಸ್ ದನಿ ಬಂತು. "ಗಾಬರಿಯಾಗ್ಬೇಡಿ ಅಜ್ಜಿ, ಅವಳಿಗೇನೂ ಆಗಿಲ್ಲ. ನೆಟ್‌ವರ್ಕ್ ಹೋಗಿದೆ ಅಷ್ಟೆ. ಅದೇ ಫೋನಲ್ಲಿ ನಿಮ್ಮ ನೆಟ್‌ವರ್ಕ್ ಮಾತ್ರ ತುಂಬಾ ಚೆನ್ನಾಗಿದೆ."

ಸ್ಕ್ರೀನಿನ ಎಲ್ಲ ಚೌಕಗಳೂ ಒಟ್ಟಿಗೆ ನಕ್ಕವು. ಕಶ್ಯಪ್ ಕುರ್ಚಿಯಿಂದ ಬೀಳುವಷ್ಟು ನಕ್ಕ. ಯಾವ ಲೆಕ್ಕ ಕೇಳಿದರೂ ಅವನು ತಕ್ಷಣ ಉತ್ತರ ಹೇಳುತ್ತಿದ್ದ, ಹಾಗಾಗಿ ನಗುವ ಹಕ್ಕು ತನಗೇ ಹೆಚ್ಚು ಎಂದುಕೊಂಡಿದ್ದ. ಅಂದಿನಿಂದ ಅವಳಿಗೆ 'ಸ್ಟ್ಯಾಚ್ಯೂ' ಎಂಬ ಹೆಸರು ಬಿತ್ತು.

"ನೀನ್ಯಾಕಜ್ಜಿ ಅಲ್ಲಿಗೆ ಬಂದೆ?" ಎಂದು ಕ್ಲಾಸು ಮುಗಿದ ಮೇಲೆ ಸೌಜನ್ಯ ರೇಗಿದಳು.

"ನಮ್ಮನೆ ನಡುಮನೆಗೆ ಬರಾಕೆ ನಿಮ್ ಮಿಸ್‌ನ ಕೇಳ್ಬೇಕಾ? ಕುಂತ್ಕೋ, ಅವರೆಕಾಯಿ ಸುಲಿ," ಎಂದರು ಅಜ್ಜಿ.

ಅಜ್ಜಿಯ ಮೇಲಿನ ಸಿಟ್ಟು ಸಂಜೆಗೆ ಇಳಿಯಿತು. ಮಿಸ್ ಮೇಲಿನ ಸಿಟ್ಟು ಇಳಿಯಲಿಲ್ಲ. ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು. ಮಿಸ್ ಕೂಡ ಒಂದು ದಿನ ಸಿಕ್ಕಿಹಾಕಿಕೊಳ್ಳಲಿ ಎಂದು ಅವಳು ಕಾದಳು.

ಆ ದಿನ ಬೇಗನೇ ಬಂತು.

ಮಿಸ್ ಅವತ್ತೂ ಭಾಗಾಕಾರವನ್ನೇ ಹೇಳಿಕೊಡುತ್ತಿದ್ದರು. ಇದ್ದಕ್ಕಿದ್ದಂತೆ ಕಶ್ಯಪ್‌ನ ಚೌಕದಲ್ಲಿ ಅವನ ಅಪ್ಪ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಕುರ್ಚಿ ಎಳೆದುಕೊಳ್ಳಲು ಎದ್ದಾಗ ಮಾತ್ರ ಕೆಳಗಿನ ಹೂವಿನ ಚಡ್ಡಿ ಕಂಡಿತು.

"ಮೇಡಂ, ಒಂದ್ ನಿಮಿಷ. ದಿನಾ ಇವನ ಪಕ್ಕದಲ್ಲೇ ಕೂತು ನಿಮ್ಮ ಕ್ಲಾಸ್ ನೋಡ್ತಿದ್ದೀನಿ. ಇನ್ನೂ ಭಾಗಾಕಾರದಲ್ಲೇ ಇದ್ದೀರಲ್ಲ? ಬೇರೆ ಸ್ಕೂಲಲ್ಲಿ ಆಗ್ಲೇ ಫ್ರಾಕ್ಷನ್ ಮಾಡ್ತಿದ್ದಾರೆ. ಇದು ಟೀಚಿಂಗಾ? ಪ್ರಿನ್ಸಿಪಾಲ್ ಹತ್ರ ಮಾತಾಡ್ಬೇಕಾ ನಾನು?"

"ಸರ್, ಕೆಲವು ಮಕ್ಕಳಿಗೆ ಇನ್ನೂ..." ಎಂದರು ಮಿಸ್.

ಅಷ್ಟೇ. ಮಿಸ್ ಅಲ್ಲಿಗೇ ನಿಂತರು. ಬಾಯಿ ಅರ್ಧ ತೆರೆದೇ ಇತ್ತು.

"ಮೇಡಂ? ಹಲೋ? ಕೇಳಿಸ್ತಿದೆಯಾ?"

"ಮಿಸ್ ಸ್ಟಕ್ ಆಗೋದ್ರು," ಎಂದು ಯಾರೋ ಹೇಳಿದರು.

ಸೌಜನ್ಯ ಫೋನನ್ನು ಹತ್ತಿರ ತಂದುಕೊಂಡು ನೋಡಿದಳು. ಈ ವಿಷಯದಲ್ಲಿ ಅವಳಷ್ಟು ತಿಳಿದವರು ಕ್ಲಾಸಿನಲ್ಲಿ ಬೇರೆ ಇರಲಿಲ್ಲ. ಮಿಸ್ ಹಿಂದಿನ ನೀಲಿ ಕರ್ಟನ್ ಮೆಲ್ಲಗೆ ಅಲ್ಲಾಡಿತು. ಅದರ ಸಂದಿಯಿಂದ ಅಂಬೆಗಾಲಿಡುವ ಮಗುವೊಂದು ತಲೆ ಹಾಕಿ, ಕೈಯಲ್ಲಿದ್ದ ಚಮಚ ಚೀಪಿ, ಹಿಂದಕ್ಕೆ ಹೋಯಿತು.

ನೆಟ್‌ವರ್ಕ್ ಎಲ್ಲಿಗೂ ಹೋಗಿರಲಿಲ್ಲ.

ಸೌಜನ್ಯಳ ಬೆರಳು ಮೈಕ್ ಗುರುತಿನ ಮೇಲೆ ಬಂತು. ಹೇಳಬೇಕಾದ ಮಾತೂ ತಯಾರಿತ್ತು: ಮಿಸ್ ನೆಟ್‌ವರ್ಕ್ ಹೋಗಿದೆ, ಕರ್ಟನ್‌ದು ಮಾತ್ರ ಚೆನ್ನಾಗಿದೆ. ಎಲ್ಲರೂ ನಗುತ್ತಾರೆ. ಕಶ್ಯಪ್ ಮತ್ತೆ ಕುರ್ಚಿಯಿಂದ ಬೀಳುವಷ್ಟು ನಗುತ್ತಾನೆ.

ಅಷ್ಟರಲ್ಲಿ ಅವಳು ಮಿಸ್ ಕಣ್ಣು ನೋಡಿದಳು. ಅಲ್ಲಾಡದ ಆ ಮುಖದಲ್ಲಿ ಕಣ್ಣುಗಳು ಮಾತ್ರ ನಿಧಾನವಾಗಿ ತುಂಬಿಕೊಳ್ಳುತ್ತಿದ್ದವು.

ಕೆಲವು ಮಕ್ಕಳಿಗೆ ಇನ್ನೂ. ಯಾರು ಆ ಕೆಲವು ಮಕ್ಕಳು?

ಸೌಜನ್ಯಳ ಕಿವಿ ಬಿಸಿಯಾಯಿತು. ಕಳೆದ ವಾರವೇ ಮುಗಿಯಬೇಕಿದ್ದ ಪಾಠ ಯಾಕೆ ಮುಗಿದಿಲ್ಲ? ಮಿಸ್ ದಿನವೂ ಅದೇ ಭಾಗಾಕಾರವನ್ನು, ಒಂದು ದಿನ ಲಾಡು ಹಂಚಿ, ಒಂದು ದಿನ ಬಳೆ ಹಂಚಿ, ಯಾರಿಗಾಗಿ ಹೇಳಿಕೊಡುತ್ತಿದ್ದರು?

ಅವಳು ಮೈಕ್ ಒತ್ತಿದಳು.

"ಅಂಕಲ್, ನಾನು ಸೌಜನ್ಯ. ನಂಗೆ ಭಾಗಾಕಾರ ಬರಲ್ಲ. ಶೇಷ ಅಂದ್ರೇನು ಅಂತಾನೂ ಗೊತ್ತಿಲ್ಲ. ಅದಕ್ಕೇ ಮಿಸ್ ಮತ್ತೆ ಮತ್ತೆ ಹೇಳ್ಕೊಡ್ತಿದ್ದಾರೆ."

ಯಾರೂ ನಗಲಿಲ್ಲ. ಇನ್ನೊಂದು ಚೌಕದಿಂದ ಯಶವಂತ್, "ನಂಗೂ ಬರಲ್ಲ," ಎಂದ. "ನಂಗೆ ಅರ್ಧ ಬರುತ್ತೆ. ಯಾವ ಅರ್ಧ ಅಂತ ಗೊತ್ತಿಲ್ಲ," ಎಂದ ಸುಫಿಯಾನ್.

"ನೋಡಿ, ನಮ್ಮ ಕಶ್ಯಪ್‌ಗೆ ಎಲ್ಲಾ ಬರುತ್ತೆ," ಎಂದರು ಕಶ್ಯಪ್‌ನ ಅಪ್ಪ. "ಉಳಿದೋರಿಗೋಸ್ಕರ ಅವನ್ಯಾಕೆ ಕಾಯ್ಬೇಕು?"

ಆಗ ಅವರ ಪಕ್ಕದಿಂದಲೇ ಸಣ್ಣ ದನಿ ಬಂತು.

"ಪಪ್ಪಾ, ನಂಗೂ ಬರಲ್ಲ. ನೀವು ಪಕ್ಕದಲ್ಲಿ ಪಿಸುಗುಡ್ತೀರಲ್ಲ, ಅದನ್ನೇ ನಾನು ಹೇಳ್ತಿದ್ದೆ."

ಕಶ್ಯಪ್‌ನ ಅಪ್ಪ ಆಫೀಸಿನ ಕಾಲ್ ಬರುತ್ತಿದೆ ಎಂದು ಗೊಣಗಿ ಎದ್ದರು. ಹೂವಿನ ಚಡ್ಡಿ ಸ್ಕ್ರೀನಿನ ತುಂಬ ಒಮ್ಮೆ ಕಂಡು ಮಾಯವಾಯಿತು.

ಮಿಸ್ ಕೆಮ್ಮಿದರು. ಸೆರಗಿನಿಂದ ಮುಖ ಒರೆಸಿಕೊಂಡು, "ಸಾರಿ ಮಕ್ಕಳೇ, ನೆಟ್‌ವರ್ಕ್ ಹೋಗಿತ್ತು ಅನ್ಸುತ್ತೆ," ಎಂದರು. "ಏನಾದ್ರೂ ಮಾತಾಡಿದ್ರಾ?"

"ಇಲ್ಲ ಮಿಸ್," ಎಂದಳು ಸೌಜನ್ಯ. "ನಿಮಗೋಸ್ಕರ ಕಾಯ್ತಿದ್ವಿ."

ಫೋನಿನ ಕ್ಲಾಸಿನಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂದು ಗೊತ್ತಾಗುವುದಿಲ್ಲ. ಆದರೂ ಮಿಸ್ ಆ ಹೊತ್ತಿನಲ್ಲಿ ತನ್ನನ್ನೇ ನೋಡುತ್ತಿದ್ದಾರೆ ಎಂದು ಸೌಜನ್ಯಳಿಗೆ ಅನ್ನಿಸಿತು. ಅವಳು ಎರಡೂ ಕಣ್ಣು ತೆರೆದು ತಿರುಗಿ ನೋಡಿದಳು.