ಒಂದೇ ಗ್ರೂಪಿನ ರಕ್ತ

ಸಿರಿ ತಂಗಿಯ ತಟ್ಟೆ, ಲೋಟ, ಚಮಚವನ್ನು ಕುದಿಯುವ ನೀರಿಗೆ ಹಾಕಿದಳು. ಆಮೇಲೆ ಇಕ್ಕಳದಿಂದ ಒಂದೊಂದಾಗಿ ಎತ್ತಿ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದಳು. ಪಕ್ಕದಲ್ಲಿ ಅಮ್ಮ ಅನ್ನ ಬಸಿಯುತ್ತಿದ್ದಳು.

ತಂಗಿ ಇಂಚರಳಿಗೆ ಆರು ವರ್ಷ. ಅವಳ ಮೂಳೆಯೊಳಗೆ ರಕ್ತ ತಯಾರಾಗುವುದು ಕಮ್ಮಿಯಾಗಿತ್ತು. ಸಣ್ಣ ನೆಗಡಿಯೂ ಅವಳಿಗೆ ಅಪಾಯ. ಅದಕ್ಕೇ ಅವಳ ಪಾತ್ರೆ ಬೇರೆ, ಟವೆಲ್ ಬೇರೆ. ಕಾಯಿಲೆ ಗೊತ್ತಾದ ಮೇಲೆ ಸ್ಕೂಲಿಲ್ಲ, ಬೀದಿಯಲ್ಲಿ ಆಟವಿಲ್ಲ.

ಹೊಂದುವಂಥವರ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೆದು ಕೊಟ್ಟರೆ ಅವಳಲ್ಲಿ ಹೊಸ ರಕ್ತ ಹುಟ್ಟುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಮೊದಲು ಅಕ್ಕನದೇ ನೋಡೋಣ ಎಂದು ಸಿರಿಯ ಕೆನ್ನೆಯೊಳಗೆ ಹತ್ತಿ ಕಡ್ಡಿ ಉಜ್ಜಿ ಟೆಸ್ಟಿಗೆ ಕಳಿಸಿದ್ದರು. ಇವತ್ತು ರಿಪೋರ್ಟ್ ಬರುವ ದಿನ.

ಸಿರಿಗೆ ಅನುಮಾನವೇ ಇರಲಿಲ್ಲ. ಇಬ್ಬರ ಸ್ಕೂಲ್ ಐಡಿ ಕಾರ್ಡಿನಲ್ಲೂ ಬ್ಲಡ್ ಗ್ರೂಪ್ ಬಿ ಪಾಸಿಟಿವ್ ಅಂತಲೇ ಇತ್ತು. ಅವಳ ಹಳೇ ಫ್ರಾಕನ್ನು ಇಂಚರ ಹಾಕಿಕೊಂಡರೆ, ಸಿರಿಯೇ ಮತ್ತೆ ಚಿಕ್ಕವಳಾಗಿ ಬಂದಳು ಎಂದು ಜನ್ನಾಪುರದ ಬೀದಿಯವರೆಲ್ಲ ನಗುತ್ತಿದ್ದರು. ಮಜ್ಜೆ ಕೊಡುವ ವಿಷಯವನ್ನು ಸಿರಿ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

"ಬೇಡ ಮಾರಾಯ್ತಿ, ನಿಂದು ಹಾಕಿದ್ರೆ ಅವಳಿಗೂ ಮ್ಯಾಥ್ಸ್ ಬರಲ್ಲ," ಎಂದು ಗೆಳತಿ ಸೌಂದರ್ಯ ರೇಗಿಸಿದ್ದಳು. ಸಿರಿಯೂ ನಕ್ಕಿದ್ದಳು. ಮನೆಗೆ ಬಂದು ಇಂಚರಳಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಿದ್ದಳು.

ಸಿರಿ ಐಡಿ ಕಾರ್ಡನ್ನು ಕುತ್ತಿಗೆಗೆ ಹಾಕಿಕೊಂಡೇ ಅಪ್ಪನ ಜೊತೆ ಶಿವಮೊಗ್ಗದ ಬಸ್ ಹತ್ತಿದಳು.

ಡಾಕ್ಟರ್ ಸೀತಾಲಕ್ಷ್ಮಿ ರಿಪೋರ್ಟನ್ನು ಮೊದಲು ತಾವೇ ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ಮ್ಯಾಚ್ ಆಗಿಲ್ಲ ಎಂದರು.

ಸಿರಿ ಐಡಿ ಕಾರ್ಡನ್ನು ಎತ್ತಿ ಹಿಡಿದಳು.

"ಮೇಡಂ, ಇಲ್ಲಿ ನೋಡಿ. ಇಬ್ಬರದೂ ಬಿ ಪಾಸಿಟಿವ್."

ಡಾಕ್ಟರ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಬಂದು ಕೂತರು. ನಿಮ್ಮಪ್ಪ ಏನು ಕೆಲಸ ಮಾಡ್ತಾರೆ ಎಂದು ಕೇಳಿದರು. ಅಪ್ಪ ಅಡಿಕೆ ಮಂಡಿಯಲ್ಲಿದ್ದಾರೆ, ಮೂಟೆಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿಟ್ಟು ತಗೊಳ್ಳೋರಿಗೆ ತೋರಿಸ್ತಾರೆ, ಅದನ್ನು ನೋಡಿಯೇ ಮೂಟೆಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗುತ್ತೆ ಎಂದಳು ಸಿರಿ.

ಮೈಯೊಳಗೂ ಹಾಗೇ ಎಂದರು ಡಾಕ್ಟರ್. ನಮ್ಮ ಮೈಯ ಒಂದೊಂದು ಜೀವಕೋಶವೂ ತನ್ನೊಳಗಿರುವುದರ ಚೂರು ತೆಗೆದು, ಅಂಗೈಯಲ್ಲಿಟ್ಟ ಹಾಗೆ ಹೊರಗೆ ಹಿಡಿದಿರುತ್ತದೆ. ರಕ್ತದಲ್ಲಿ ಕಾವಲಿನ ಕೋಶಗಳು ತಿರುಗುತ್ತಿರುತ್ತವೆ. ಅವು ಬಂದು ಮುಟ್ಟಿ ನೋಡುತ್ತವೆ. ನಮ್ಮದೇ ಚೂರಾದರೆ ಸುಮ್ಮನೆ ಮುಂದಕ್ಕೆ ಹೋಗುತ್ತವೆ. ರೋಗಾಣುವಿನ ಚೂರಾದರೆ ಉಳಿದವನ್ನೆಲ್ಲ ಕರೆದು ಹೋರಾಡುತ್ತವೆ.

"ಆದರೆ ಆ ಅಂಗೈ ಎಲ್ಲರದೂ ಒಂದೇ ಥರ ಇರಲ್ಲ ಪುಟ್ಟ. ಅರ್ಧ ಅಮ್ಮನಿಂದ ಬರುತ್ತೆ, ಅರ್ಧ ಅಪ್ಪನಿಂದ. ಅವರಿಬ್ಬರ ಹತ್ತಿರವೂ ಎರಡೆರಡು ಥರ ಇರುತ್ತೆ, ಮಗುವಿಗೆ ಒಂದೊಂದೇ ಬರುತ್ತೆ. ನಿನಗೆ ಬಂದಿದ್ದೇ ಬೇರೆ, ಅವಳಿಗೆ ಬಂದಿದ್ದೇ ಬೇರೆ. ಬ್ಲಡ್ ಗ್ರೂಪ್ ನೋಡಿದ್ರೆ ಇದು ಗೊತ್ತಾಗಲ್ಲ."

ಸಿರಿಯ ಮಜ್ಜೆ ಹಾಕಿದರೆ ಅದರಿಂದ ಹುಟ್ಟುವ ಕಾವಲಿನ ಕೋಶಗಳು ಇಂಚರಳ ಮೈಯನ್ನೇ ಬೇರೆಯವರದು ಅಂದುಕೊಳ್ಳುತ್ತವೆ. ಅವಳ ಚರ್ಮ, ಹೊಟ್ಟೆ, ಎಲ್ಲದರ ಮೇಲೂ ಬೀಳುತ್ತವೆ. ಡಾಕ್ಟರ್ ಇದನ್ನು ತುಂಬಾ ಮೆಲ್ಲಗೆ ಹೇಳಿದರು.

"ಅವಳು ನನ್ನ ತಂಗಿ ಅಂತ ಅವಕ್ಕೆ ಹೇಳಕ್ಕಾಗಲ್ವಾ?"

"ಅವಕ್ಕೆ ಕಿವಿ ಇಲ್ಲ ಪುಟ್ಟ."

ಬೇರೆ ಯಾರದಾದರೂ ಹೊಂದುತ್ತದೋ ಹುಡುಕೋಣ, ಬೇರೆ ದಾರಿಯೂ ಇದೆ, ಆದರೆ ಸಮಯ ಹಿಡಿಯುತ್ತದೆ ಎಂದು ಡಾಕ್ಟರ್ ಅಪ್ಪನಿಗೆ ಹೇಳಿದರು. ಎಷ್ಟು ಸಮಯ ಎಂದು ಅಪ್ಪ ಕೇಳಿದ. ಅದನ್ನು ಈಗಲೇ ಹೇಳಲು ಬರುವುದಿಲ್ಲ ಎಂದರು. ಅಷ್ಟು ದಿನ ಅವಳು ತಡೆಯುತ್ತಾಳಾ ಎಂದು ಅಪ್ಪ ಮತ್ತೆ ಕೇಳಿದ. ಅದಕ್ಕೆ ಡಾಕ್ಟರ್ ಅಪ್ಪನ ಕೈ ಹಿಡಿದುಕೊಂಡರು, ಅಷ್ಟೇ.

ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಸಿರಿ ತನ್ನ ಮುಂಗೈಯ ಮೂಳೆಯನ್ನು ಒತ್ತಿ ಒತ್ತಿ ನೋಡಿಕೊಂಡಳು. ಇಂಚರ ರಾತ್ರಿ ಕೆಮ್ಮಿದರೆ ಅಮ್ಮನಿಗಿಂತ ಮೊದಲು ಸಿರಿಗೆ ಎಚ್ಚರವಾಗುತ್ತಿತ್ತು. ಅಂಥ ಸಿರಿಯ ಒಳಗೇ ಇಂಚರ ಯಾರೆಂದು ಗೊತ್ತಿಲ್ಲದ ಕಾವಲಿನ ಕೋಶಗಳು ಓಡಾಡುತ್ತಿದ್ದವು. ಅವುಗಳ ಮೇಲೆ ಸಿಟ್ಟು ಮಾಡೋಣವೆಂದರೆ, ಅವು ಸಿರಿಯನ್ನು ಕಾಯುತ್ತಿದ್ದವು.

ಮನೆ ಬಂತು. ಅಪ್ಪನ ಮುಖ ನೋಡಿದ್ದೇ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಜ್ಜಿ ಹುಚ್ಚಮ್ಮ ಕೂತಲ್ಲೇ ಕೂತಿದ್ದಳು.

ಇಂಚರ ಮಾತ್ರ ಕಾಯುತ್ತಿದ್ದಳು. ಮಾಸ್ಕ್ ಹಾಕಿಕೊಂಡು ಮಂಚದ ಒಂದು ತುದಿಗೆ ಸರಿದು ಕೂತಿದ್ದಳು. ಪಕ್ಕದಲ್ಲಿ ಇನ್ನೊಂದು ದಿಂಬು ಇಟ್ಟಿದ್ದಳು. ಆಸ್ಪತ್ರೆಯಲ್ಲಿ ಅಕ್ಕ ಎಲ್ಲಿ ಮಲಗಬೇಕು, ತಾನು ಎಲ್ಲಿ ಮಲಗಬೇಕು ಎಂದು ಅಜ್ಜಿಗೆ ತೋರಿಸಿಕೊಟ್ಟಿದ್ದಳಂತೆ.

ಸಿರಿ ಕೈಕಾಲು ತೊಳೆದು ಬಂದಳು. ಹೇಳಬೇಕೆಂದು ಬಾಯಿ ತೆರೆದಳು. ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಇದನ್ನು ಹೇಳುವ ಮಾತು ದೊಡ್ಡವರ ಹತ್ತಿರವೂ ಇಲ್ಲ ಎಂದು ಅವಳಿಗೆ ಆಗ ತಿಳಿಯಿತು.

ಇಂಚರ ದಿಂಬನ್ನು ತಟ್ಟಿ ಸರಿಮಾಡಿದಳು.

"ಅಕ್ಕಾ, ಸೋಮವಾರನೇ ಕೊಟ್ಬಿಡು. ಸ್ಕೂಲ್ ಡೇ ಡ್ಯಾನ್ಸಿಗೆ ನಾನೂ ಸೇರ್ಕೋಬೇಕು."