ಮೈ ಸೋಕಿದರೆ ಮೂಕವಾಗುವ ಗುಂಡಿ

"ಇದಕ್ಕೆ ಫೇಲ್ ಅಂತ ಬರೆದವರು ಯಾರು? ಅವರನ್ನ ಸ್ವಲ್ಪ ಕರೀರಿ."

ಸ್ವಾಗತದ ಮೇಜಿನ ಆಚೆ ನಿಂತಿದ್ದವನ ದನಿ ಏರಿರಲಿಲ್ಲ. ಆದರೆ ಅದರಲ್ಲಿದ್ದ ಬಿಗಿ ಕೇಳಿ ಒಳಗೆ ಕೂತಿದ್ದವರೆಲ್ಲ ತಲೆ ಎತ್ತಿದರು. ಮರುಕ್ಷಣ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

ಅವಳ ಕಡೆ.

ವೈರ್‌ಲೆಸ್ ಉಪಕರಣಗಳನ್ನು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅವಳಿಗೆ ಬೆನ್ನ ಹಿಂದೆ ಒಂದು ಹೆಸರಿತ್ತು, ಫೇಲಮ್ಮ. ಅವಳ ಕೈಗೆ ಸಿಕ್ಕಿದ್ದು ಅಷ್ಟು ಸುಲಭಕ್ಕೆ ಪಾಸಾಗುವುದಿಲ್ಲ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು. ಅದು ಅವಳ ಕಿವಿಗೂ ಬಿದ್ದಿತ್ತು. ನಕ್ಕು ಸುಮ್ಮನಾಗಿದ್ದಳು.

"ನಾನೇ ಬರೆದಿದ್ದು. ಹೇಳಿ," ಎಂದು ಎದ್ದು ಬಂದಳು.

ಅವನು ಅಂಗೈ ಬಿಚ್ಚಿದ. ಅದರಲ್ಲೊಂದು ಬಿಳಿ ಗುಂಡಿ. ಅಂಗಿಯ ಗುಂಡಿಗಿಂತ ತುಸು ದೊಡ್ಡದು. ಎಳೆಗೂಸಿನ ಅಂಗಿಗೆ, ಎದೆಯ ಹತ್ತಿರ ಸಿಕ್ಕಿಸುವಂಥದ್ದು. ಮಗುವಿನ ಉಸಿರಾಟವನ್ನು ಗಮನಿಸುತ್ತಾ ತಾಯಿಯ ಫೋನಿಗೆ ಸುದ್ದಿ ಕಳಿಸುವುದು ಅದರ ಕೆಲಸ. ಉಸಿರು ತಪ್ಪಿದರೆ ಫೋನು ಕೂಗಿಕೊಳ್ಳಬೇಕು.

"ಇದರ ಆಂಟೆನಾ ಉಗುರಿನಷ್ಟಿದೆ. ಅಷ್ಟು ಸಣ್ಣ ಜಾಗದಲ್ಲಿ ಕೂರಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಮೇಜಿನ ಮೇಲಿಟ್ಟರೆ ನಾಲ್ಕು ಗೋಡೆ ದಾಟಿ ಕೇಳುತ್ತೆ."

"ಕೇಳುತ್ತೆ. ಆದ್ರೆ ಮಗು ಮೇಜಲ್ಲವಲ್ಲ."

ಅವನ ಮುಖ ಕೆಂಪಾಯಿತು. ಅವಳು ಪರೀಕ್ಷಾ ಕೋಣೆಯ ದಪ್ಪ ಬಾಗಿಲು ಎಳೆದಳು. ಒಳಗೆ ಗೋಡೆ, ಚಾವಣಿ, ಎಲ್ಲೆಲ್ಲೂ ನೀಲಿ ಸ್ಪಂಜಿನ ಮೊನೆಗಳು. ಹೊರಗಿನ ಯಾವ ಸಿಗ್ನಲ್ಲೂ ಅಲ್ಲಿಗೆ ಬರದು. ಒಳಗೆ ಹುಟ್ಟಿದ್ದು ಗೋಡೆಗೆ ಬಡಿದು ಮರಳದು. ನಡುವಿನ ಪೀಠದ ಮೇಲೆ ರಬ್ಬರಿನ ಮಗುವೊಂದು ಅಂಗಾತ ಮಲಗಿತ್ತು. ಅದರ ಮೈತುಂಬ ಉಪ್ಪು ಬೆರೆಸಿದ ದ್ರವ. ಮನುಷ್ಯರ ಮೈ ಸಿಗ್ನಲ್ಲನ್ನು ಹೇಗೆ ಹೀರುತ್ತದೋ ಹಾಗೇ ಅದೂ ಹೀರುತ್ತದೆ.

ಅವಳು ಗುಂಡಿಯನ್ನು ಗೊಂಬೆಯ ಎದೆಗೆ ಸಿಕ್ಕಿಸಿದಳು. ಸಿಗ್ನಲ್ ತೋರಿಸುವ ಪರದೆಯ ಮೇಲಿನ ಗೆರೆ ಕುಗ್ಗಿತು. ಆಮೇಲೆ ಗೊಂಬೆಯನ್ನು ಮೆಲ್ಲಗೆ ಬೋರಲು ಹಾಕಿದಳು.

ಗೆರೆ ನೆಲಕಚ್ಚಿತು.

"ಮೈ ಸೋಕಿದ ಕೂಡಲೇ ನಿಮ್ಮ ಆಂಟೆನಾದ ಶ್ರುತಿ ತಪ್ಪುತ್ತೆ. ಮಗು ಬೋರಲಾದ್ರೆ ಪೂರ್ತಿ ಮೂಕ."

"ಇದು ಉಪ್ಪುನೀರು ತುಂಬಿದ ಗೊಂಬೆ ರೀ. ನಮ್ಮ ಅಕ್ಕನ ಮಗು ನಿಜವಾದ ಮಗು. ಅದು ಇದನ್ನೇ ಹಾಕ್ಕೊಂಡಿದೆ. ಇವತ್ತಿನವರೆಗೂ ಒಂದು ತೊಂದರೆ ಆಗಿಲ್ಲ."

ಅವಳ ಕೈ ಗೊಂಬೆಯ ಬೆನ್ನ ಮೇಲೇ ನಿಂತಿತು. "ಈಗಲೇ ಹಾಕಿದ್ದೀರಾ?"

"ಅಕ್ಕನ ಮೊದಲನೇ ಮಗು ನಿದ್ದೆಯಲ್ಲೇ…" ಅವನು ಮಾತು ಮುಗಿಸಲಿಲ್ಲ. "ಅದಕ್ಕೇ ಇದನ್ನ ಮಾಡೋಕೆ ಕೂತಿದ್ದು. ಎರಡನೇದು ಹುಟ್ಟಿದಾಗಿನಿಂದ ಅಕ್ಕ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಇದು ಬಂದ ಮೇಲೆ ಮಲಗ್ತಿದ್ದಾಳೆ."

'ಇದನ್ನ ನಂಬಿಕೊಂಡು ಒಬ್ಬ ತಾಯಿ ನಿದ್ದೆ ಮಾಡ್ತಿದ್ದಾಳೆ…'

"ದಯವಿಟ್ಟು ಅದನ್ನ ತೆಗೆಸಿ."

"ಹಾಗಾದ್ರೆ ಸರಿ ಮಾಡೋದು ಹೇಗೆ ಅಂತ ಹೇಳಿ."

ಅದು ಅವಳಿಗೆ ಗೊತ್ತಿತ್ತು. ಆಂಟೆನಾದ ತಾಮ್ರದ ಪಟ್ಟಿ ಇರುವ ಜಾಗ ನೋಡಿದ ಕ್ಷಣವೇ ಹೊಳೆದಿತ್ತು. ಆದರೆ ಪರೀಕ್ಷೆ ಮಾಡುವವರು ವಿನ್ಯಾಸಕ್ಕೆ ಬಾಯಿ ಹಾಕುವಂತಿರಲಿಲ್ಲ.

"ತಪ್ಪು ತೋರಿಸೋದಷ್ಟೇ ನಮ್ಮ ಕೆಲಸ. ದಾರಿ ಹೇಳೋ ಹಾಗಿಲ್ಲ. ಹೇಳಿದ್ರೆ ನಾಳೆ ನನ್ನ ಕೆಲಸಕ್ಕೆ ನಾನೇ ಅಂಕ ಕೊಟ್ಟಂಗಾಗುತ್ತೆ."

"ತುಂಬಾ ಅನುಕೂಲವಾದ ನಿಯಮ," ಎಂದು ಅವನು ಗುಂಡಿ ಎತ್ತಿಕೊಂಡ.

ಸಿಟ್ಟು ಬರಬೇಕಿತ್ತು ಅವಳಿಗೆ. ಆದರೆ ಜೇಬಿಗೆ ಹಾಕುವ ಮುಂಚೆ ಅವನು ಆ ಗುಂಡಿಯನ್ನು ಅಂಗಿಯ ಚುಂಗಿನಿಂದ, ಮಗುವಿನ ಬಾಯಿ ಒರೆಸುವಷ್ಟು ಮೆತ್ತಗೆ ಒರೆಸಿದ. ಅದನ್ನು ನೋಡಿ ಅವಳ ಸಿಟ್ಟು ಅರ್ಧದಲ್ಲೇ ನಿಂತುಹೋಯಿತು.

* * *

ಆ ವಾರವೇ ಅವಳ ಭಾವ ಮನೆಗೆ ಬಂದರು. ಅವಳೂ ಅಮ್ಮನೂ ಇದ್ದ ಪುಟ್ಟ ಮನೆ ಅದು. ಭಾವ ಬಂದರೆ ಅಮ್ಮ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಿರಿಯ ಮಗಳ ಗಂಡ, ದೊಡ್ಡ ಕಂಪನಿಯ ಒಡೆಯ.

"ಪರವಾಗಿಲ್ಲ ನೀನು," ಎಂದರು ಭಾವ, ಚಹಾದ ಲೋಟ ಮುಟ್ಟದೆ. "ಮೊನ್ನೆ ಬರೀ ನಂಬರ್ ಚೀಟಿ ಅಂಟಿಸಿದ ಒಂದು ಗುಂಡಿ ಫೇಲ್ ಮಾಡಿದ್ಯಲ್ಲ, ಅದು ಯಾರದ್ದು ಗೊತ್ತಾ? ನಂದು."

ಅವಳು ಬೆಚ್ಚಿದಳು. ಉಪಕರಣ ಯಾರದ್ದೆಂದು ತಿಳಿಯದಿರಲಿ ಎಂದೇ ಅಲ್ಲಿ ಹೆಸರಿನ ಬದಲು ನಂಬರು ಅಂಟಿಸುತ್ತಿದ್ದರು. ಭಾವನ ಕಂಪನಿಯೂ ಮಕ್ಕಳ ಗುಂಡಿಗೆ ಕೈ ಹಾಕಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಇನ್ನೊಂದು ಸಲ ನೋಡು. ಸ್ವಲ್ಪ ಕಣ್ಣು ಸಣ್ಣ ಮಾಡ್ಕೊಂಡು ನೋಡು."

"ಭಾವ… ಅದೂ ಬೋರಲು ಹಾಕಿದ್ರೆ ಮೂಕವಾಗುತ್ತೆ. ನಾನು ಹೇಗೆ ನೋಡಿದ್ರೂ ಅಷ್ಟೇ."

"ಅಕ್ಕನ ಮುಖ ನೋಡಿಯಾದ್ರೂ ಒಂದು ಮಾತು ಒಪ್ಕೊಳ್ಳೇ," ಅಮ್ಮನ ದನಿ ನಡುಗಿತು.

ಅವಳು ತಲೆ ಅಲ್ಲಾಡಿಸಿದಳು. ಭಾವ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಮಾರನೆಯ ದಿನದಿಂದ ಅಕ್ಕನ ಫೋನು ಬರುವುದು ನಿಂತಿತು. ಅಮ್ಮ ತಟ್ಟೆ ಇಡುವ ಸದ್ದೂ ಜೋರಾಯಿತು.

ಬಿಳಿ ಗುಂಡಿಯವನು ಮತ್ತೆ ಪ್ರಯೋಗಾಲಯಕ್ಕೆ ಬಂದದ್ದು ಅದೇ ಬಿಸಿಯಲ್ಲಿ. ಈ ಸಲ ದನಿಯಲ್ಲಿ ಬಿಗಿ ಇರಲಿಲ್ಲ. ತಣ್ಣಗಿತ್ತು, ಅದೇ ಹೆಚ್ಚು ಚುಚ್ಚಿತು.

"ನಿಮ್ಮ ಭಾವನೂ ಇಂಥದ್ದೇ ಗುಂಡಿ ಮಾಡ್ತಾರಂತೆ. ನನಗೆ ನಿನ್ನೆ ಗೊತ್ತಾಯ್ತು. ಅವರದ್ದು ಪಾಸಾಗಿರಬೇಕಲ್ವಾ?"

ಒಂದೇ ಒಂದು ಮಾತು ಸಾಕಿತ್ತು. 'ಅವರದ್ದನ್ನೂ ನಾನೇ ಫೇಲ್ ಮಾಡಿದೆ, ಅದಕ್ಕೆ ನಮ್ಮಕ್ಕ ನನ್ನ ಹತ್ರ ಮಾತು ಬಿಟ್ಟಿದ್ದಾಳೆ…' ಗಂಟಲವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿರಲಿಲ್ಲ.

"ಬೇರೆಯವರ ವಿಷಯ ಮಾತಾಡೋ ಹಾಗಿಲ್ಲ."

"ಅರ್ಥ ಆಯ್ತು ಬಿಡಿ."

"ಮಗು ಮೈಮೇಲಿಂದ ಅದನ್ನ ತೆಗೆಸಿದ್ರಾ?"

ಅವನು ಬಾಗಿಲಲ್ಲಿ ತಿರುಗಿ ನೋಡಿದ. "ನಿಮ್ಮ ಮಾತು ನಂಬಿಕೊಂಡಾ? ಇಲ್ಲ."

ಅವನು ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತನ್ನ ಬಗ್ಗೆ ಅವನು ಏನಾದರೂ ಅಂದುಕೊಳ್ಳಲಿ. ಆದರೆ ಎಲ್ಲೋ ಒಂದು ಮನೆಯಲ್ಲಿ ಮಗುವೊಂದು ಮಗುಚಿಕೊಳ್ಳಲು ಕಲಿಯುತ್ತಿದೆ…

* * *

ಮರುದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅವಳು ಅವನ ವಿಳಾಸ ಹುಡುಕಿಕೊಂಡು ಹೋದಳು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಯಾಗಾರ. ಮೇಜಿನ ಮೇಲೆ ಬೆಸುಗೆಯ ಸಲಾಕೆ, ಭೂತಗನ್ನಡಿ, ತಾಮ್ರದ ಚೂರುಗಳು. ಒಳಬಾಗಿಲಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನ ಅಕ್ಕ ನಿಂತಿದ್ದಳು. ಮಗುವಿನ ಹಳದಿ ಅಂಗಿಯ ಮೇಲೆ ಆ ಬಿಳಿ ಗುಂಡಿ.

"ನೀವ್ಯಾಕೆ ಇಲ್ಲಿ?" ಅವನು ಎದ್ದು ನಿಂತ.

"ಕಚೇರಿ ಕೆಲಸಕ್ಕೆ ಬಂದಿಲ್ಲ. ನಿಮಗೆ ಕೊಟ್ಟ ವರದಿಯಲ್ಲಿ ಇರೋದನ್ನೇ ಒಂದು ಸಲ ತೋರಿಸಿ ಹೊರಡ್ತೀನಿ. ಆಮೇಲೆ ನಿಮ್ಮಿಷ್ಟ." ಅವಳು ಅವನ ಅಕ್ಕನ ಕಡೆ ತಿರುಗಿದಳು. "ಅಕ್ಕಾ, ನಿಮ್ಮ ಫೋನು ಕೊಡ್ತೀರಾ? ಆ ಗುಂಡೀನೂ."

ಅಕ್ಕ ತಮ್ಮನ ಮುಖ ನೋಡಿದಳು. ಅವನು ಹುಬ್ಬು ಗಂಟಿಕ್ಕಿದ, ಆದರೆ ಬೇಡ ಎನ್ನಲಿಲ್ಲ.

"ಇದನ್ನ ನಿಮ್ಮ ಎದೆಗೆ ಸಿಕ್ಕಿಸಿಕೊಂಡು ನೆಲದ ಮೇಲೆ ಬೋರಲು ಮಲಗಿ," ಎಂದಳು ಅವನಿಗೆ. "ಮಲಗಿ ಉಸಿರು ಕಟ್ಟಿ."

"ಇದೇನು ಆಟ?"

"ಆಟ ಅಂತಲೇ ಅಂದ್ಕೊಳ್ಳಿ."

ಅವನು ಮಲಗಿದ. ಕೆನ್ನೆ ನೆಲಕ್ಕೆ ತಾಗಿತು. ಒಮ್ಮೆ ಬೆನ್ನು ಉಬ್ಬಿತು, ಆಮೇಲೆ ಅಲುಗಾಡಲಿಲ್ಲ.

ಅವಳು ಫೋನನ್ನು ಅಕ್ಕನಿಗೆ ಕಾಣುವಂತೆ ಹಿಡಿದಳು. ಪರದೆಯ ಮೇಲೆ ಹಸಿರು ಚುಕ್ಕೆ. ಅದರ ಕೆಳಗೆ, 'ಉಸಿರಾಟ ಸರಿಯಾಗಿದೆ.'

ಕೋಣೆಯಲ್ಲಿ ಗಡಿಯಾರದ ಸದ್ದೊಂದೇ. ಅವನ ಕಿವಿ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಹಸಿರು ಚುಕ್ಕೆ ಮಾತ್ರ ಹಾಗೇ ಇತ್ತು. ಉಸಿರಾಟ ಸರಿಯಾಗಿದೆ. ಉಸಿರಾಟ ಸರಿಯಾಗಿದೆ.

'ಸಾಕು… ಏಳಿ…' ಅವಳಿಗೇ ಉಸಿರು ಕಟ್ಟಿದಂತಾಯಿತು.

"ಏಳೋ," ಅಕ್ಕನ ದನಿ ಒಡೆಯಿತು. "ಏಳೋ, ಸಾಕು ಏಳೋ."

ಅವನು ಹೊರಳಿ ಎದ್ದು ಕೂತು ಏದುಸಿರು ಬಿಟ್ಟ. ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಫೋನು ನೋಡಿದ. ಏನಾಯಿತೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

"ಸಿಗ್ನಲ್ ತಪ್ಪಿದ್ರೆ ಹಿಂದಿನದ್ದನ್ನೇ ತೋರಿಸು ಅಂತ ನಾನೇ ಬರೆದಿದ್ದು," ಎಂದ, ನೆಲ ನೋಡುತ್ತಾ. "ಸುಮ್ಮಸುಮ್ಮನೆ ಕೂಗಿ ಅಕ್ಕನ್ನ ಎಬ್ಬಿಸ್ತಿತ್ತು. ಅವಳು ಹೆದರ್ತಿದ್ಲು…"

ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡಳು. ಆ ಗುಂಡಿಯನ್ನು ಮತ್ತೆ ಹಳದಿ ಅಂಗಿಗೆ ಸಿಕ್ಕಿಸಲಿಲ್ಲ.

ಅವಳು ಫೋನನ್ನು ಮೇಜಿನ ಮೇಲಿಟ್ಟು ಹೊರಬಂದಳು. ಗೆದ್ದ ಸಂತೋಷ ಎಳ್ಳಷ್ಟೂ ಇರಲಿಲ್ಲ. ರಸ್ತೆಯ ತಿರುವಿನಲ್ಲಿ ಕಣ್ಣು ಮಂಜಾದಾಗಷ್ಟೇ ಅವಳಿಗೆ ಗೊತ್ತಾಯಿತು, ಅವನ ಬಾಗಿದ ತಲೆಯನ್ನು ನೋಡಲು ತನ್ನಿಂದ ಆಗಿರಲಿಲ್ಲ ಎಂದು.

* * *

ಅವನು ಹಳೆಯ ಅರ್ಜಿ ಹಿಂಪಡೆಯಲು ಪ್ರಯೋಗಾಲಯಕ್ಕೆ ಬಂದ ದಿನ ಮೇಲಧಿಕಾರಿಯ ಕೋಣೆಯಿಂದ ಅವಳ ಭಾವನ ಗಲಾಟೆ ಕೇಳುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು.

"ಸ್ವಂತ ಭಾವನ ಗುಂಡಿಗೇ ಫೇಲ್ ಕೊಟ್ಟವಳು ಅವಳು. ಮನೆಗೆ ಹೋಗಿ ಕೇಳಿಕೊಂಡ್ರೂ ಬಗ್ಗಲಿಲ್ಲ. ಇಂಥವರನ್ನ ಇಟ್ಕೊಂಡ್ರೆ ನಿಮ್ಮ ಹತ್ರ ಯಾರು ಬರ್ತಾರೆ?"

"ಅವರನ್ನ ನಂಬಿಯೇ ಬರ್ತಾರೆ ಸರ್," ಎಂದರು ಮೇಲಧಿಕಾರಿ, ಚಾಳೀಸು ಒರೆಸಿಕೊಳ್ಳುತ್ತಾ. "ಬಾಗಿಲು ಆ ಕಡೆ."

ಭಾವ ದುಮುಗುಡುತ್ತಾ ಹೊರಟುಹೋದರು. ಕೋಣೆಯ ಹೊರಗೆ ನಿಂತಿದ್ದ ಅವಳು ತಿರುಗಿದಾಗ ಎದುರಿಗೆ ಅವನಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಅವತ್ತು ಒಂದು ಮಾತು ಹೇಳಬಹುದಿತ್ತಲ್ಲ…"

"ಹೇಳೋ ಹಾಗಿರಲಿಲ್ಲ."

"ನಾನು ಬಾಯಿಗೆ ಬಂದಿದ್ದು ಅಂದೆ."

"ಅಂದ್ರಿ."

"ಕ್ಷಮಿಸಿ ಅಂದ್ರೆ ಸಾಕಾಗಲ್ಲ, ಗೊತ್ತು."

"ಸಾಕಾಗಲ್ಲ," ಎಂದಳು ಅವಳು. ದನಿ ಮಾತ್ರ ಮಾತಿನಷ್ಟು ಗಟ್ಟಿಯಾಗಿರಲಿಲ್ಲ. "ಸರಿಯಾದ ಗುಂಡಿ ಮಾಡ್ಕೊಂಡು ಬನ್ನಿ."

ಆಮೇಲೆ ಬಹಳ ದಿನ ಅವನ ಸುಳಿವಿಲ್ಲ. ಸ್ವಾಗತದ ಕಡೆ ಬಾಗಿಲು ಸದ್ದಾದರೆ ಅವಳ ಕತ್ತು ತಾನಾಗಿ ತಿರುಗುತ್ತಿತ್ತು. ಬಂದವರು ಯಾರೋ ಆಗಿರುತ್ತಿದ್ದರು.

ಒಂದು ಸಂಜೆ ಅವನ ಅಕ್ಕ ಫೋನು ಮಾಡಿದಳು.

"ಗುಂಡಿ ಮಾಡ್ತೀನಿ ಅಂತ ಹೊರಟವನು ಗುಂಡಿಗೇ ಬಿದ್ದಿದ್ದಾನಮ್ಮ. ಎದೆಗೆ ಅದನ್ನ ಕಟ್ಟಿಕೊಂಡೇ ಓಡಾಡ್ತಾನೆ. ನಡುಮನೆಯಲ್ಲಿ ಬೋರಲು ಬಿದ್ಕೊಂಡು, ಅಕ್ಕಾ ಕೇಳಿಸ್ತಾ, ಕೇಳಿಸ್ತಾ ಅಂತಾನೆ. ಮಗು ಅವನನ್ನ ನೋಡಿ ನಗುತ್ತೆ." ಸ್ವಲ್ಪ ತಡೆದು ಅಂದಳು, "ನೀನು ಅವತ್ತು ಬರದೇ ಇದ್ದಿದ್ರೆ… ಬೇಡ ಬಿಡು, ಅದನ್ನ ನೆನೆಯೋಕೂ ಆಗಲ್ಲ."

ಗಂಡನ ಗುಂಡಿ ಪಾಸಾಗಿ ಯಾವುದೋ ಮಗುವಿನ ಮೈಮೇಲೆ ಹೋಗಿದ್ದರೆ ಎಂಬ, ಹಾಗೇ ನೆನೆಯಲಾಗದ ಮಾತು ಅವಳ ಸ್ವಂತ ಅಕ್ಕನನ್ನೂ ಕಾಡಿರಬೇಕು. ಒಂದು ದಿನ ಇದ್ದಕ್ಕಿದ್ದಂತೆ ಬಂದು, "ಅವರ ಸಿಟ್ಟು ಇಳಿದಿಲ್ಲ. ನಂದು ಇಳಿದಿದೆ," ಎಂದಷ್ಟೇ ಹೇಳಿ ತಂಗಿಯ ಪಕ್ಕ ಊಟಕ್ಕೆ ಕೂತಳು.

* * *

ಕೊನೆಗೂ ಅವನು ಬಂದ. ಕಣ್ಣ ಕೆಳಗೆ ಕಪ್ಪು, ಗಡ್ಡ ಬೆಳೆದಿತ್ತು. ಹೊಸ ಗುಂಡಿ ಮೊದಲಿನದಕ್ಕಿಂತ ತುಸು ದಪ್ಪ. ಮೈಗೆ ತಾಗುವ ಕಡೆ ತಾಮ್ರದ ತೆಳು ತಗಡು, ಅದರ ಮೇಲೆ ಪುಟ್ಟ ಸೇತುವೆಯಂತೆ ಎತ್ತಿ ನಿಲ್ಲಿಸಿದ ಆಂಟೆನಾ.

"ಗಾಳಿಯಲ್ಲಿ ಹಿಡಿದ್ರೆ ಶ್ರುತಿ ಕೊಂಚ ತಪ್ಪು. ಮೈ ಮೇಲೆ ಸರಿ. ಹಾಗೇ ಮಾಡಿದ್ದೀನಿ," ಎಂದ. "ಸಿಗ್ನಲ್ ತಪ್ಪಿದ್ರೆ ಆ ಕ್ಷಣವೇ ಕೂಗುತ್ತೆ. ಅಕ್ಕನಿಗೆ ನಿದ್ದೆ ಕೆಟ್ಟರೂ ಪರವಾಗಿಲ್ಲ."

ತಾನು ಹೇಳಲಾಗದೆ ನುಂಗಿದ್ದ ದಾರಿಯನ್ನು ಅವನೇ ಹುಡುಕಿಕೊಂಡಿದ್ದ. ಅವಳ ಕೈ ಗುಂಡಿಯತ್ತ ಚಾಚಿತು. ನಡುವೆಯೇ ನಿಂತಿತು.

ಅವಳು ಸೀದಾ ಮೇಲಧಿಕಾರಿಯ ಕೋಣೆಗೆ ಹೋದಳು. "ಸರ್, ಇದನ್ನ ನಾನು ಪರೀಕ್ಷೆ ಮಾಡಲ್ಲ. ಬೇರೆಯವರಿಗೆ ಕೊಡಿ."

"ಯಾಕಮ್ಮ?"

ಅವಳು ಬಾಗಿಲು ಮುಚ್ಚಿ ಕಾರಣ ಹೇಳಿದಳು. ಚಾಳೀಸಿನ ಮೇಲಿಂದ ಅವಳನ್ನೊಮ್ಮೆ ನೋಡಿ ಅವರು ಇನ್ನೊಬ್ಬ ಎಂಜಿನಿಯರನ್ನು ಕರೆದರು.

ದಪ್ಪ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಅವಳು. ಅವಳ ಬೆರಳುಗಳು ಸೆರಗನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದವು.

"ನನ್ನ ಗುಂಡಿ ಮುಟ್ಟೋಕೂ ಮನಸ್ಸಿಲ್ವಾ ನಿಮಗೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು. "ಇನ್ನೂ ಅಷ್ಟು ಕೋಪನಾ?"

"ಕೋಪ ಅಲ್ಲ."

"ಮತ್ತೆ?"

ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಾ ಹೇಳಿದಳು, "ಪರೀಕ್ಷೆ ಮಾಡೋರಿಗೆ ಯಾವ ಕಡೆಗೂ ಆಸೆ ಇರಬಾರದು. ಇದು ಪಾಸಾಗಲಿ ಅಂತ… ನನಗೆ ತುಂಬಾ ಆಸೆ ಇದೆ. ಅದನ್ನೇ ಹೇಳಿದೆ ಸರ್‌ಗೆ."

ಬೆಂಚು ಮೆಲ್ಲಗೆ ಕಿರುಗುಟ್ಟಿತು. ಇಬ್ಬರ ನಡುವಿನ ಜಾಗ ಕಡಿಮೆಯಾಗಿತ್ತು.

"ಮಗುವಿಗೋಸ್ಕರ ಇರೋ ಆಸೆನಾ?"

"ಮಗುವಿಗೋಸ್ಕರ ಅಷ್ಟೇ ಆಗಿದ್ದಿದ್ರೆ ನಾನೇ ಪರೀಕ್ಷೆ ಮಾಡ್ತಿದ್ದೆ."

ಬಾಗಿಲು ತೆರೆಯಿತು. ಒಳಗಿದ್ದ ಎಂಜಿನಿಯರು ಹೊರಗೆ ಇಣುಕಿ, "ಅಂಗಾತ, ಮಗ್ಗುಲು, ಬೋರಲು, ಎಲ್ಲ ನೋಡಿದೆ. ಎಲ್ಲೂ ಮಾತು ನಿಲ್ಲಿಸಲಿಲ್ಲ. ಪಾಸು," ಎಂದು ಹೇಳಿ ಒಳಸರಿದ.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗಿತು. ಅವಳು ಅವನ ತೋಳಿನ ಮೇಲೆ ಕೈಯಿಟ್ಟಳು. ತುಸು ಹೊತ್ತಿನ ಮೇಲೆ ಅವನು ತಲೆ ಎತ್ತಿ ಕಣ್ಣೊರೆಸಿಕೊಂಡ.

"ಅಕ್ಕ ನಿಮ್ಮನ್ನ ಮನೆಗೆ ಕರ್ಕೊಂಡು ಬಾ ಅಂದಿದ್ದಾಳೆ."

"ಅಕ್ಕ ಮಾತ್ರ ಕರೆದ್ರಾ?"

ಅವನು ಅವಳ ಮುಖವನ್ನೇ ನೋಡಿದ. "ನಾನೂ ಕರೀತಿದ್ದೀನಿ. ಬಾ."

ಅವಳ ಕೆನ್ನೆ ಬಿಸಿಯಾಯಿತು. "ಈಗ ಏನಂದ್ರಿ?"

"ಬಾ ಅಂದೆ… ತಪ್ಪಾಯ್ತಾ?"

"ಇಲ್ಲ," ಎಂದಳು ಅವಳು, ಅವನ ತೋಳಿನ ಮೇಲಿನ ಕೈಯನ್ನು ತೆಗೆಯದೆ. "ಇನ್ನೊಂದು ಸಲ ಹೇಳು."