ಇಪ್ಪತ್ತಮೂರನೇ ಡಬ್ಬಿಯ ನಿದ್ದೆ

ಗಿಡ ಬೆಳೆಸುವ ಆ ಗಾಜಿನ ಮನೆಯ ಬಾಗಿಲು ತೆಗೆದ ಕೂಡಲೇ ನನ್ನ ಕನ್ನಡಕಕ್ಕೆ ಮಂಜು ಕವಿಯುತ್ತದೆ. ಮೊದಲ ದಿನ ಏನೂ ಕಾಣದೆ ತಡವರಿಸುತ್ತಾ ನಿಂತಿದ್ದಾಗ ಒಳಗಿನಿಂದ ಒಂದು ದನಿ ಬಂತು.

"ನೇರ ಬರಬೇಡಿ, ಪೈಪ್ ಇದೆ. ಎರಡು ಹೆಜ್ಜೆ ಎಡಕ್ಕೆ."

ಮಂಜು ಕರಗಿತು. ಮಣ್ಣು ಮೆತ್ತಿದ ಏಪ್ರನ್ ತೊಟ್ಟವನೊಬ್ಬ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ. ಅಲ್ಲಿನ ಗಿಡಗಳ ರೋಗ ನೋಡುವವನು. ಗಿಡದ ಡಾಕ್ಟರ್ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದೇ ಬಿಗುವಿನಲ್ಲಿ, ಅಲ್ಲಿ ಕೂರಿಸಲು ತಂದಿದ್ದ ಸೆನ್ಸರ್ ಡಬ್ಬಿ ತೋರಿಸಿದೆ.

"ಸಂಶಯ ಬಂದ್ರೆ ಈ ಬಟನ್ ಒತ್ತಿ. ಹಸಿರು ದೀಪ ಬಂದ್ರೆ ಬದುಕಿದೆ ಅಂತ ಅರ್ಥ. ಕೆಟ್ರೆ ಮಾತ್ರ ಫೋನ್ ಮಾಡಿ, ಸುಮ್ಮಸುಮ್ನೆ ಮಾಡ್ಬೇಡಿ."

"ಆಯ್ತು ಮೇಡಂ," ಎಂದ, ಪಾಠ ಒಪ್ಪಿಸುವವನ ಹಾಗೆ.

ತೋಟದ ತುಂಬ ನಲವತ್ತು ಡಬ್ಬಿಗಳು, ಗಾಜಿನ ಮನೆಯೊಳಗೆ ಒಂದೇ. ತಂತಿಯಿಲ್ಲ, ಪುಟ್ಟ ಬ್ಯಾಟರಿ ಅಷ್ಟೇ. ಅವುಗಳ ಆಯಸ್ಸೆಲ್ಲ ನಿದ್ದೆಯಲ್ಲಿದೆ. ಕಾಲು ಗಂಟೆಗೊಮ್ಮೆ ಎದ್ದು, ಸೆಕೆ ಎಷ್ಟು, ತೇವ ಎಷ್ಟು ಎಂದು ಅಳೆದು, ಪಕ್ಕದ ಡಬ್ಬಿಗೆ ಹೇಳಿ, ಮತ್ತೆ ಮಲಗಬೇಕು. ಅವುಗಳನ್ನು ಸರಿಯಾಗಿ ಮಲಗಿಸುವ ಪ್ರೋಗ್ರಾಂ ಬರೆಯುವುದೇ ನನ್ನ ಸಂಶೋಧನೆ. ಒಂದೂ ಬ್ಯಾಟರಿ ಬದಲಿಸದೆ ಮೂವತ್ತು ದಿನ ನಡೆಸಿ ತೋರಿಸಬೇಕಿತ್ತು.

ಮೂವತ್ತೊಂಬತ್ತು ಗಡದ್ದಾಗಿ ಮಲಗಿದವು. ಗಾಜಿನ ಮನೆಯ ಇಪ್ಪತ್ತಮೂರನೆಯದು ಮಾತ್ರ ಐದೇ ದಿನಕ್ಕೆ ಸತ್ತಿತು. ಹೊಸ ಬ್ಯಾಟರಿ ಹಾಕಿ ಮೊದಲಿನಿಂದ ಎಣಿಸಿದೆ. ಮತ್ತೆ ಐದು ದಿನ. ಪ್ರೋಗ್ರಾಂ ಮೂರು ಸಲ ತಿದ್ದಿ ಬರೆದೆ. ಊಟ ಸೇರಲಿಲ್ಲ. ಪ್ರತಿ ಸಲ ನಾನೇ ಓಡಿದೆ. ಅವನು ಏಣಿ ಹಿಡಿಯುತ್ತಿದ್ದ, ಕನ್ನಡಕ ಒರೆಸಲು ಒಗೆದ ಬಟ್ಟೆ ಮಡಿಸಿ ಇಟ್ಟಿರುತ್ತಿದ್ದ. ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು.

"ಅಲ್ಲ ಕಣೇ, ಬ್ಯಾಟರಿ ಹಾಕೋಕೆ ನಿಮ್ಮಲ್ಲಿ ಬೇರೆ ಜನ ಇಲ್ವಾ?" ಎಂದು ಅಕ್ಕ ಫೋನಿನಲ್ಲಿ ಕೇಳಿದಳು.

"ಇದು ಸೂಕ್ಷ್ಮದ ಕೆಲಸ."

"ಹೂಂ, ಹೂಂ. ತುಂಬಾ ಸೂಕ್ಷ್ಮ."

ಕೊನೆಗೆ ನಮ್ಮ ಗೈಡ್ ಕಡ್ಡಿ ಮುರಿದ ಹಾಗೆ ಹೇಳಿದರು: ಇನ್ನೊಂದೇ ಅವಕಾಶ, ಆಮೇಲೆ ಪ್ರಾಜೆಕ್ಟ್ ಮುಚ್ಚುವುದೇ. ಆ ದಿನ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಡಬ್ಬಿ ಎದ್ದಾಗಲೆಲ್ಲ ಯಾಕೆ ಎದ್ದಿತೆಂದು ಬರೆದು ಕಳಿಸಬೇಕು.

ಮರುದಿನ ಪರದೆಯ ಮೇಲೆ ಸಾಲಾಗಿ ಬಂತು. ಕಾರಣ: ಗಡಿಯಾರ. ಕಾರಣ: ಗಡಿಯಾರ. ಕಾರಣ: ಬಟನ್. ಬಟನ್. ಬಟನ್. ಒಂದು ಸಲ ಒತ್ತಿದರೆ ಅರ್ಧ ಗಂಟೆ ನಿದ್ದೆಗೆಟ್ಟು ಅಕ್ಕಪಕ್ಕದ ಡಬ್ಬಿಗಳನ್ನೆಲ್ಲ ಕೂಗುತ್ತದೆ. ಪ್ರಿಂಟ್ ತೆಗೆದು ಅವನ ಮುಂದೆ ಹಿಡಿದೆ.

"ಏನ್ರೀ ಇದು? ದಿನಕ್ಕೆ ಒಂಬತ್ತು ಸಲ?"

ಅವನ ಕಿವಿ ಕೆಂಪಾದವು. "ಇದೆಲ್ಲ ಬರ್ಕೊಳ್ಳುತ್ತಾ ಅದು?"

"ನಾನು ತಲೆ ಕೆಡಿಸ್ಕೊಂಡು ಸಾಯ್ತಿದ್ದೀನಿ, ನಿಮಗೆ ಆಟಾನಾ?"

"ಕೆಟ್ರೆ ಮಾತ್ರ ಫೋನ್ ಮಾಡಿ ಅಂದ್ರಲ್ಲ," ಎಂದ, ನೆಲ ನೋಡುತ್ತಾ. "ಅದು ಕೆಡ್ತಾನೇ ಇರಲಿಲ್ಲ."

ನಗು ಬಂತು, ಅದಕ್ಕಿಂತ ಜೋರಾಗಿ ಅಳು ಬಂತು. "ಇವತ್ತು ಸಂಜೆ ಐದರಿಂದ ಮೂವತ್ತು ದಿನದೊಳಗೆ ಇನ್ನೊಂದು ಸಲ ಸತ್ರೆ ಪ್ರಾಜೆಕ್ಟ್ ಮುಚ್ತಾರೆ. ನಾನು ಗಂಟುಮೂಟೆ ಕಟ್ಕೊಂಡು ಹೊರಡ್ಬೇಕು."

ಅವನ ಮುಖದಲ್ಲಿ ರಕ್ತವೇ ಇಂಗಿಹೋಯಿತು. "ಅಯ್ಯೋ! ಕರೆಸೋಕೆ ಅಂತ ಮಾಡಿದ್ದು, ನಿಮ್ಮನ್ನೇ ಕಳಿಸೋ ಹಾಗಾಯ್ತಾ? ಇನ್ನು ಅದರ ಹತ್ರಾನೂ ಸುಳಿಯಲ್ಲ."

ಹೊಸ ಬ್ಯಾಟರಿ ಹಾಕಿ ಬಂದೆ.

ಅವನು ಮಾತು ಉಳಿಸಿಕೊಂಡ. ಹತ್ತು ದಿನ, ಇಪ್ಪತ್ತು ದಿನ. ಕಾರಣ: ಗಡಿಯಾರ. ನನ್ನ ಪ್ರೋಗ್ರಾಂ ಚೆನ್ನಾಗಿದೆ ಎಂದು ಕುಣಿಯಬೇಕಿತ್ತು. ಬೆಳಿಗ್ಗೆ ಬಂದವಳು ಮೊದಲು ಹುಡುಕುತ್ತಿದ್ದುದು ಬಟನ್ ಎಂಬ ಆ ಒಂದು ಪದವನ್ನು. ಹೋಗೋಣವೆಂದರೆ ಯಾವ ನೆಪವೂ ಇಲ್ಲ, ಸುಮ್ಮನೆ ಹೋಗಲು ನನ್ನ ಜಂಬ ಬಿಡಲಿಲ್ಲ. ಅವನು ಬೇಕು ಅನಿಸುತ್ತಿತ್ತು, ಅಷ್ಟೇ.

ಮೂವತ್ತನೇ ದಿನ ಸಂಜೆ ಐದಕ್ಕೆ ಗಡುವು ಮುಗಿಯಿತು. ನಲವತ್ತೂ ಬದುಕಿದ್ದವು. ಗೈಡ್ ಬೆನ್ನು ತಟ್ಟಿದರು. ಎರಡು ವರ್ಷ ಮುಂದುವರಿಸಿ ಎಂದರು. ನಾನು ಪರದೆ ನೋಡುತ್ತಲೇ ಇದ್ದೆ.

ಐದು ಗಂಟೆ ಒಂದು ನಿಮಿಷ. ಇಪ್ಪತ್ತಮೂರು. ಕಾರಣ: ಬಟನ್.

ಗೈಡ್ ಮಾತು ಮುಗಿಸುವ ಮೊದಲೇ ಓಡಿದೆ. ಬಾಗಿಲು ತೆಗೆದೆ, ಕನ್ನಡಕ ಬೆಳ್ಳಗಾಯಿತು. ಅಭ್ಯಾಸಬಲದಿಂದ ಎಡಕ್ಕೆ ಕಾಲಿಟ್ಟೆ.

"ಎಡಕ್ಕಲ್ಲ," ಎಂದಿತು ದನಿ. "ಇವತ್ತು ಪೈಪ್ ತೆಗ್ದಿಟ್ಟಿದ್ದೀನಿ. ನೇರ ಬನ್ನಿ."

"ಡಬ್ಬಿ ಏನೂ ಕೆಟ್ಟಿಲ್ಲ," ಎಂದೆ. "ಆದ್ರೂ ಬಂದೆ."

ಕನ್ನಡಕ ಒರೆಸಲಿಲ್ಲ. ಕೈ ಮುಂದೆ ಚಾಚಿಕೊಂಡು ನೇರ ನಡೆದೆ.